‘ಡೆತ್’ ಎಂದು ಹೆಸರಿಟ್ಟು ಬದುಕನ್ನೇ ಹಾಡಿದ ಚಕ್ ಶುಲ್ಡಿನರ್

ಡೆತ್ ಎಂದರೆ ಸಾವು. ಮನೆಯಲ್ಲಿ ಹಿರಿಯರ ಮುಂದೆ ಉಚ್ಚರಿಸಲೂ ಹಿಂಜರಿಯುವ ಆ ಪದವನ್ನು ಅಮೆರಿಕದ ಫ್ಲಾರಿಡಾ ರಾಜ್ಯದ ಹುಡುಗನೊಬ್ಬ ತನ್ನ ಸಂಗೀತ ತಂಡಕ್ಕೆ ಹೆಸರಾಗಿ ಇಟ್ಟ. ಆಗ ಅವನಿಗೆ ಹದಿನೇಳು ವರ್ಷ. ಹದಿನೇಳು ವರ್ಷಗಳ ಬಳಿಕ, ಇನ್ನೂ ಮೂವತ್ತನಾಲ್ಕರ ಹರೆಯದಲ್ಲೇ ಅವನು ತೀರಿಕೊಂಡ. ಈ ನಡುವೆ ‘ಡೆತ್ ಮೆಟಲ್’ ಎಂಬ ಸಂಗೀತ ಪ್ರಕಾರವೊಂದು ಬೇರು ಬಿಟ್ಟು, ಹಲವು ದೇಶಗಳಿಗೆ ಹರಡಿತ್ತು. ಆ ಪ್ರಕಾರದ ಜನಕ ಎಂದು ಅಭಿಮಾನಿಗಳು ಕರೆಯುವ ಚಾರ್ಲ್ಸ್ ಮೈಕೆಲ್ ಶುಲ್ಡಿನರ್, ಅಂದರೆ ಚಕ್ ಶುಲ್ಡಿನರ್, ಮಾತ್ರ ಆ ಬಿರುದನ್ನು ಎಂದೂ ಒಪ್ಪಿಕೊಳ್ಳಲಿಲ್ಲ.

ಈ ಸಂಗೀತ ಎಲ್ಲರ ಕಿವಿಗೂ ಹಿತವಾಗುವಂಥದ್ದಲ್ಲ. ಮೊದಲ ಬಾರಿಗೆ ಕೇಳುವವರಿಗೆ ಜಲ್ಲಿ ಕ್ರಷರ್ ಪಕ್ಕದಲ್ಲಿ ನಿಂತ ಅನುಭವವಾದರೂ ಅಚ್ಚರಿಯಿಲ್ಲ. ಗಿಟಾರಿನ ತಂತಿಗಳನ್ನು ಸಾಮಾನ್ಯ ಶ್ರುತಿಗಿಂತ ಕೆಳಗಿಳಿಸಿ, ಆಂಪ್ಲಿಫೈಯರ್ ಮೂಲಕ ಸದ್ದನ್ನು ಬೇಕೆಂದೇ ಒಡೆದು ಒರಟಾಗಿಸುತ್ತಾರೆ. ಡ್ರಮ್ಸ್ ಬಾರಿಸುವವನು ಎರಡೂ ಕಾಲುಗಳಿಂದ ದೊಡ್ಡ ಡ್ರಮ್ ತುಳಿಯುತ್ತ ಓಟದ ವೇಗ ತರುತ್ತಾನೆ. ಗಾಯಕ ರಾಗವಾಗಿ ಹಾಡುವುದಿಲ್ಲ, ಗಂಟಲಾಳದಿಂದ ಗುಡುಗುತ್ತಾನೆ. ಇಷ್ಟೇ ಆಗಿದ್ದರೆ ಇದು ಕೆಲವೇ ವರ್ಷಗಳಲ್ಲಿ ಮರೆತುಹೋಗುವ ಹುಡುಗಾಟವಾಗುತ್ತಿತ್ತು. ಹಾಗಾಗದಂತೆ ನೋಡಿಕೊಂಡವರಲ್ಲಿ ಚಕ್ ಮೊದಲ ಸಾಲಿನವರು. ಹನ್ನೊಂದು ವರ್ಷಗಳಲ್ಲಿ ಅವರು ‘ಡೆತ್’ ಹೆಸರಿನಲ್ಲಿ ಏಳು ಆಲ್ಬಂ ತಂದರು. ಅವನ್ನು ಒಂದರ ನಂತರ ಒಂದಾಗಿ ಕೇಳಿದರೆ, ಹೆಣಗಳ ಬಗ್ಗೆ ಹಾಡುತ್ತಿದ್ದ ಹುಡುಗ ಮನುಷ್ಯರ ಬಗ್ಗೆ ಹಾಡುವ ಪ್ರೌಢನಾದ ಕಥೆ ತಾನಾಗಿ ತೆರೆದುಕೊಳ್ಳುತ್ತದೆ.

ಅಣ್ಣನ ಸಾವು, ಕೈಗೆ ಬಂದ ಗಿಟಾರ್

ಚಕ್ ಹುಟ್ಟಿದ್ದು 1967ರ ಮೇ 13ರಂದು, ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್‌ನಲ್ಲಿ. ತಂದೆ ಮಾಲ್ಕಂ, ಆಸ್ಟ್ರಿಯಾದಿಂದ ವಲಸೆ ಬಂದ ಯಹೂದಿ ಕುಟುಂಬದವರು. ತಾಯಿ ಜೇನ್, ಅಮೆರಿಕದ ದಕ್ಷಿಣ ಭಾಗದವರು. ಮಗು ಒಂದು ವರ್ಷದವನಿದ್ದಾಗ ಕುಟುಂಬ ಫ್ಲಾರಿಡಾಕ್ಕೆ ಬಂದು, ಒರ್ಲ್ಯಾಂಡೊ ನಗರದ ಬಳಿ ನೆಲೆಸಿತು. ಮೂವರು ಮಕ್ಕಳಲ್ಲಿ ಚಕ್ ಕಿರಿಯವನು.

ಚಕ್‌ಗೆ ಒಂಬತ್ತು ವರ್ಷವಾಗಿದ್ದಾಗ ಹದಿನಾರರ ಹರೆಯದ ಅಣ್ಣ ಫ್ರಾಂಕ್ ತೀರಿಕೊಂಡ. ಮನೆ ಕುಸಿದುಹೋಯಿತು. ಕಿರಿಯ ಮಗ ದುಃಖದಲ್ಲಿ ಮುಳುಗದಿರಲಿ, ಮನಸ್ಸು ಬೇರೆಡೆ ಹರಿಯಲಿ ಎಂದು ಹೆತ್ತವರು ಅವನಿಗೊಂದು ಗಿಟಾರ್ ತಂದುಕೊಟ್ಟರು. ಶಾಸ್ತ್ರೀಯ ಪಾಠಕ್ಕೂ ಸೇರಿಸಿದರು. ಆದರೆ ಶಿಶುಗೀತೆಗಳನ್ನು ನುಡಿಸುವ ಆ ಪಾಠ ಹುಡುಗನಿಗೆ ರುಚಿಸಲಿಲ್ಲ. ಒಂದು ವರ್ಷವೂ ತುಂಬುವ ಮೊದಲೇ ಬಿಟ್ಟುಬಿಟ್ಟ. ವಾದ್ಯ ಮೂಲೆ ಸೇರುವುದರಲ್ಲಿತ್ತು. ಅಷ್ಟರಲ್ಲಿ ಯಾರದೋ ಮನೆಯಂಗಳದಲ್ಲಿ ಹಳೆಯ ಸಾಮಾನು ಮಾರಾಟಕ್ಕಿಟ್ಟಿದ್ದಲ್ಲಿ ಹೆತ್ತವರ ಕಣ್ಣಿಗೆ ಎಲೆಕ್ಟ್ರಿಕ್ ಗಿಟಾರ್ ಒಂದು ಬಿತ್ತು. ಅದನ್ನು ಕೊಂಡು ತಂದರು.

ಅಲ್ಲಿಂದ ಹುಡುಗನ ಕೈ ನಿಲ್ಲಲಿಲ್ಲ. ಕಲಿಸುವವರಿಲ್ಲ, ತಾನೇ ಕಲಿತ. ಶನಿವಾರ ಭಾನುವಾರ ಬಂತೆಂದರೆ ಗ್ಯಾರೇಜಿನಲ್ಲೋ ಕೋಣೆಯಲ್ಲೋ ದಿನವಿಡೀ ನುಡಿಸುತ್ತಿದ್ದ. ಶಾಲೆಯಿರುವ ದಿನಗಳಲ್ಲಿ ಮೂರು ಗಂಟೆಗಿಂತ ಹೆಚ್ಚು ನುಡಿಸಬಾರದೆಂದು ಮನೆಯಲ್ಲಿ ಕಟ್ಟುನಿಟ್ಟು ಮಾಡಬೇಕಾಯಿತು. ಗಿಟಾರ್ ಮುಟ್ಟು ಎಂದು ಕೊಡಿಸಿದ ಹೆತ್ತವರೇ ಈಗ ಸಾಕು ಬಿಡು ಎನ್ನುವ ಸ್ಥಿತಿ. ಕಿಸ್, ಐರನ್ ಮೇಡನ್‌ನಂಥ ತಂಡಗಳು ಅವನನ್ನು ಸೆಳೆದವು. ಬ್ರಿಟನ್ನಿನ ಹೊಸ ಹೆವಿ ಮೆಟಲ್ ತಂಡಗಳನ್ನು ಹುಡುಕಿ ಹುಡುಕಿ ಕೇಳಿದ. ಓದಿನಲ್ಲಿ ಹಿಂದುಳಿದವನೇನಲ್ಲ. ಆದರೂ ಬೇಸರ ಬಂದು ಶಾಲೆ ಬಿಟ್ಟ. ಆ ನಿರ್ಧಾರಕ್ಕೆ ಮುಂದೆ ಪಶ್ಚಾತ್ತಾಪಪಟ್ಟದ್ದೂ ಉಂಟು. ಸಂಗೀತಗಾರನಾಗದಿದ್ದರೆ ಪಶುವೈದ್ಯನೋ ಅಡುಗೆಯವನೋ ಆಗುತ್ತಿದ್ದೆ ಎಂಬುದು ಅವನ ಲೆಕ್ಕಾಚಾರವಾಗಿತ್ತು.

ಅಂಚೆಯಲ್ಲಿ ಊರೂರು ಸುತ್ತಿದ ಕ್ಯಾಸೆಟ್

1983ರಲ್ಲಿ ರಿಕ್ ರಾಜ್, ಕ್ಯಾಮ್ ಲೀ ಎಂಬ ಇಬ್ಬರು ಗೆಳೆಯರೊಂದಿಗೆ ಸೇರಿ ಚಕ್ ‘ಮ್ಯಾಂಟಸ್’ ಎಂಬ ತಂಡ ಕಟ್ಟಿದ. ಮರುವರ್ಷ ಅದರ ಹೆಸರು ‘ಡೆತ್’ ಎಂದಾಯಿತು. ಹಣವಿಲ್ಲ, ಸ್ಟುಡಿಯೊ ಇಲ್ಲ, ಕಂಪನಿಯಂತೂ ದೂರದ ಮಾತು. ಸಾಮಾನ್ಯ ಕ್ಯಾಸೆಟ್ಟಿನಲ್ಲಿ ತಮ್ಮ ಹಾಡುಗಳನ್ನು ಮುದ್ರಿಸಿಕೊಂಡು ಹಂಚಿದರು. ‘ಡೆತ್ ಬೈ ಮೆಟಲ್’, ‘ರೇನ್ ಆಫ್ ಟೆರರ್’, ‘ಇನ್‌ಫರ್ನಲ್ ಡೆತ್’ ಹೀಗೆ ಬಂದ ಮಾದರಿ ಧ್ವನಿಸುರುಳಿಗಳು.

ಇಂಟರ್ನೆಟ್ ಇಲ್ಲದ ಕಾಲವದು. ರೇಡಿಯೊದಲ್ಲಿ ಇಂಥ ಹಾಡು ಬರುತ್ತಿರಲಿಲ್ಲ, ಅಂಗಡಿಯಲ್ಲಿ ಕ್ಯಾಸೆಟ್ ಸಿಗುತ್ತಿರಲಿಲ್ಲ. ಅಭಿಮಾನಿಗಳು ತಮ್ಮತಮ್ಮಲ್ಲೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದರು. ಒಬ್ಬ ತನ್ನಲ್ಲಿದ್ದ ಕ್ಯಾಸೆಟ್ಟನ್ನು ಖಾಲಿ ಕ್ಯಾಸೆಟ್ಟಿಗೆ ಪ್ರತಿ ಮಾಡಿ, ಪತ್ರದ ಜೊತೆ ಅಂಚೆಯಲ್ಲಿ ಮತ್ತೊಬ್ಬನಿಗೆ ಕಳಿಸುತ್ತಿದ್ದ. ಆತ ಬದಲಿಗೆ ತನ್ನಲ್ಲಿದ್ದುದನ್ನು ಕಳಿಸುತ್ತಿದ್ದ. ಪ್ರತಿಯ ಪ್ರತಿ ಮಾಡುತ್ತ ಹೋದಂತೆ ಹಾಡಿಗಿಂತ ಸುರುಳಿಯ ಸದ್ದೇ ಹೆಚ್ಚಾಗುತ್ತಿತ್ತು. ಆದರೂ ಕೇಳುವವರಿದ್ದರು. ಕೈಯಲ್ಲಿ ಬರೆದು ನಕಲು ತೆಗೆದ ಸಣ್ಣ ಪತ್ರಿಕೆಗಳು ಯಾವ ಊರಿನಲ್ಲಿ ಯಾವ ತಂಡ ಹುಟ್ಟಿದೆ ಎಂದು ಸುದ್ದಿ ಮುಟ್ಟಿಸುತ್ತಿದ್ದವು. ಭೂಗತ ಸಂಗೀತ ಎಂದು ಇದನ್ನು ಕರೆಯುವುದು ಈ ಕಾರಣಕ್ಕೆ. ಬಚ್ಚಿಡುವಂಥದ್ದೇನೂ ಅದರಲ್ಲಿರಲಿಲ್ಲ, ಮೇಲಿನ ಮಾರುಕಟ್ಟೆಗೆ ಅದು ಬೇಡವಾಗಿತ್ತು ಅಷ್ಟೆ. ಫ್ಲಾರಿಡಾದ ಗ್ಯಾರೇಜಿನಲ್ಲಿ ಹುಟ್ಟಿದ ಹಾಡು ಯುರೋಪಿನ ಹುಡುಗರ ಕೈ ಸೇರಿದ್ದು ಈ ದಾರಿಯಿಂದಲೇ.

ಕ್ಯಾಸೆಟ್ ಹೋದ ವೇಗದಲ್ಲಿ ತಂಡ ಗಟ್ಟಿಯಾಗಲಿಲ್ಲ. ಜೊತೆಗಾರರು ಬಂದರು, ಹೋದರು. ತಕ್ಕ ಡ್ರಮ್ಮರ್‌ನನ್ನು ಹುಡುಕುತ್ತ ಚಕ್ ದೇಶದ ಇನ್ನೊಂದು ತುದಿಯ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದರು. ಕೆಲಸ ಕೈಗೂಡದೆ ಮರಳಿದರು. 1986ರ ಆರಂಭದಲ್ಲಿ ಕೆನಡಾದ ‘ಸ್ಲಾಟರ್’ ತಂಡವನ್ನು ಸೇರಿದರು, ಕೆಲವೇ ದಿನಗಳಲ್ಲಿ ಅಲ್ಲಿಂದಲೂ ಹಿಂದಿರುಗಿದರು. ಮತ್ತೆ ಸ್ಯಾನ್ ಫ್ರಾನ್ಸಿಸ್ಕೊ. ಈ ಬಾರಿ ಅಲ್ಲಿ ಸಿಕ್ಕಿದ್ದು ಕ್ರಿಸ್ ರೈಫರ್ಟ್ ಎಂಬ ಹದಿಹರೆಯದ ಡ್ರಮ್ಮರ್. ಇಬ್ಬರೇ ಸೇರಿ ಮಾಡಿದ ‘ಮ್ಯೂಟಿಲೇಶನ್’ ಎಂಬ ಮಾದರಿ ಮುದ್ರಣ ಕಾಂಬ್ಯಾಟ್ ಎಂಬ ರೆಕಾರ್ಡ್ ಕಂಪನಿಯ ಒಪ್ಪಂದ ತಂದುಕೊಟ್ಟಿತು.

ಮೊದಲ ಆಲ್ಬಂ: ರಕ್ತ ಮತ್ತು ರಭಸ

ಮೊದಲ ಆಲ್ಬಂ ‘ಸ್ಕ್ರೀಮ್ ಬ್ಲಡಿ ಗೋರ್’ ಹೊರಬಂದದ್ದು 1987ರಲ್ಲಿ. ಫ್ಲಾರಿಡಾದಲ್ಲಿ ಮಾಡಿದ ಮೊದಲ ಯತ್ನ ಕಂಪನಿಗೆ ಒಪ್ಪಿಗೆಯಾಗದೆ, ಲಾಸ್ ಏಂಜಲೀಸ್‌ನಲ್ಲಿ ರ‍್ಯಾಂಡಿ ಬರ್ನ್ಸ್ ಅವರ ಉಸ್ತುವಾರಿಯಲ್ಲಿ ಎಲ್ಲವನ್ನೂ ಹೊಸದಾಗಿ ಮುದ್ರಿಸಬೇಕಾಯಿತು. ಡ್ರಮ್ಸ್ ಒಂದನ್ನು ರೈಫರ್ಟ್ ನೋಡಿಕೊಂಡರೆ ಗಿಟಾರ್, ಬೇಸ್ ಗಿಟಾರ್, ಗಾಯನ ಎಲ್ಲವೂ ಚಕ್ ಅವರದೇ. ಆಗ ಅವರಿಗೆ ಇಪ್ಪತ್ತೂ ತುಂಬಿರಲಿಲ್ಲ.

ಹಾಡುಗಳ ತುಂಬ ಭೂತ ಪ್ರೇತ, ಎದ್ದು ಬರುವ ಹೆಣ, ಹರಿಯುವ ರಕ್ತ. ವಿಡಿಯೊ ಕ್ಯಾಸೆಟ್ಟಿನಲ್ಲಿ ಭಯಾನಕ ಸಿನಿಮಾ ನೋಡಿ ಬೆಳೆದ ಹುಡುಗನ ಕಲ್ಪನೆಯದು. ಸಾಹಿತ್ಯ ಇಂದು ಬಾಲಿಶವಾಗಿ ಕಾಣುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಗೀತದಲ್ಲಿ ಒಂದು ಅಚ್ಚುಕಟ್ಟಿದೆ. ಸದ್ದು ಎಷ್ಟೇ ಒರಟಾಗಿದ್ದರೂ ಗಿಟಾರಿನ ಪ್ರತಿಯೊಂದು ತುಣುಕೂ ಕಿವಿಯಲ್ಲಿ ಉಳಿಯುತ್ತದೆ, ಮತ್ತೆ ಗುನುಗುವಂತಿರುತ್ತದೆ. ಎರಡು ವರ್ಷ ಮೊದಲು ಕ್ಯಾಲಿಫೋರ್ನಿಯಾದ ‘ಪೊಸೆಸ್ಡ್’ ತಂಡ ‘ಸೆವೆನ್ ಚರ್ಚಸ್’ ಆಲ್ಬಂನಲ್ಲಿ ಈ ದಾರಿ ತೋರಿಸಿತ್ತು. ಚಕ್ ಆ ದಾರಿಯಲ್ಲಿ ಗಟ್ಟಿ ಹೆಜ್ಜೆಯೂರಿದರು. ಡೆತ್ ಮೆಟಲ್ ಎಲ್ಲಿ ಶುರುವಾಯಿತು ಎಂಬ ಚರ್ಚೆ ಬಂದಾಗ ಇಂದಿಗೂ ಈ ಎರಡು ಆಲ್ಬಂಗಳ ಹೆಸರು ಮೊದಲು ಬರುತ್ತದೆ.

ರೋಗಿಯ ಹಾಡು, ಮನೆಯಂಗಳದ ಸುದ್ದಿ

ಆಲ್ಬಂ ಬಂದ ಮೇಲೆ ಚಕ್ ಫ್ಲಾರಿಡಾಕ್ಕೆ ಮರಳಿದರು. ರೈಫರ್ಟ್ ಕ್ಯಾಲಿಫೋರ್ನಿಯಾದಲ್ಲೇ ಉಳಿದು ‘ಆಟಾಪ್ಸಿ’ ಎಂಬ ಸ್ವಂತ ತಂಡ ಕಟ್ಟಿದರು. ಹಳೆಯ ಗೆಳೆಯ ರಿಕ್ ರಾಜ್, ಜೊತೆಗೆ ಟೆರಿ ಬಟ್ಲರ್, ಬಿಲ್ ಆಂಡ್ರ್ಯೂಸ್ ಸೇರಿ ಹೊಸ ‘ಡೆತ್’ ಸಿದ್ಧವಾಯಿತು. 1988ರಲ್ಲಿ ಬಂದದ್ದು ‘ಲೆಪ್ರಸಿ’, ಅಂದರೆ ಕುಷ್ಠ. ಟ್ಯಾಂಪಾ ನಗರದ ಮೊರಿಸೌಂಡ್ ಸ್ಟುಡಿಯೊದಲ್ಲಿ ಇದರ ಮುದ್ರಣ ನಡೆಯಿತು. ಮುಂದೆ ಈ ಪ್ರಕಾರದ ತಂಡಗಳು ಆ ಸ್ಟುಡಿಯೊದ ಬಾಗಿಲಲ್ಲಿ ಸಾಲುಗಟ್ಟಿದವು.

‘ಲೆಪ್ರಸಿ’ ಮೊದಲ ಆಲ್ಬಂಗಿಂತ ಭಾರವಾದದ್ದು, ಸ್ಪಷ್ಟವಾದದ್ದು. ಅದಕ್ಕಿಂತ ಮುಖ್ಯವಾಗಿ ಇಲ್ಲಿ ಪ್ರೇತಗಳು ಹಿಂದೆ ಸರಿದು ಮನುಷ್ಯರು ಮುಂದೆ ಬರತೊಡಗಿದರು. ಶೀರ್ಷಿಕೆಯ ಹಾಡಿನಲ್ಲಿರುವುದು ರೋಗ ತಗುಲಿ ಊರಿನಿಂದ ಹೊರಗಾದವರ ಪಾಡು. ‘ಪುಲ್ ದ ಪ್ಲಗ್’ ಎಂಬ ಹಾಡಿನಲ್ಲಿ ಮಾತಾಡುವವನು ಆಸ್ಪತ್ರೆಯ ಯಂತ್ರಗಳ ಆಸರೆಯಲ್ಲಿ ಉಸಿರು ಹಿಡಿದುಕೊಂಡಿರುವ ರೋಗಿ. ಇಪ್ಪತ್ತರ ಹರೆಯದ ಹುಡುಗ ಇದನ್ನು ಬರೆಯುವಾಗ ಮುಂದೆ ತನಗೂ ಆಸ್ಪತ್ರೆಯ ಹಾಸಿಗೆ ಕಾದಿದೆ ಎಂದು ಊಹಿಸಿರಲಾರ. ಹಳೆಯ ಒರಟುತನ ಮತ್ತು ಹೊಸ ಶಿಸ್ತು ಹದವಾಗಿ ಬೆರೆತಿರುವುದರಿಂದ ಆರಂಭಕಾಲದ ಅಭಿಮಾನಿಗಳಲ್ಲಿ ಬಹಳ ಮಂದಿ ಇದನ್ನೇ ‘ಡೆತ್’ ತಂಡದ ಶ್ರೇಷ್ಠ ಆಲ್ಬಂ ಎನ್ನುತ್ತಾರೆ.

1990ರ ‘ಸ್ಪಿರಿಚುವಲ್ ಹೀಲಿಂಗ್’ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹೊಸ ಗಿಟಾರ್ ವಾದಕ ಜೇಮ್ಸ್ ಮರ್ಫಿ ಬಂದಿದ್ದರು. ದೇವರ ಹೆಸರಿನಲ್ಲಿ ರೋಗ ವಾಸಿಮಾಡುವುದಾಗಿ ದುಡ್ಡು ಎತ್ತುವ ಟಿವಿ ಪ್ರವಚನಕಾರರು, ಗರ್ಭದಲ್ಲೇ ಕೊಕೇನಿನ ಚಟ ಅಂಟಿಸಿಕೊಂಡು ಹುಟ್ಟುವ ಕೂಸು, ಗರ್ಭಪಾತದ ತಕರಾರು, ಎಲ್ಲವೂ ದಿನಪತ್ರಿಕೆಯಿಂದ ಎದ್ದು ಬಂದ ವಸ್ತುಗಳು. ವಸ್ತು ಬದಲಾದಷ್ಟು ಸಂಗೀತ ಬದಲಾಗಲಿಲ್ಲ ಎಂಬುದು ಈ ಆಲ್ಬಂನ ಕೊರತೆ. ಗಿಟಾರಿನ ಮಾಧುರ್ಯ ಹೆಚ್ಚಿದರೂ ನಡಿಗೆ ಹಳೆಯದೇ. ಒಂದು ಕಾಲು ಹೊಸ್ತಿಲ ಒಳಗೆ, ಇನ್ನೊಂದು ಹೊರಗೆ ಇಟ್ಟಂತಿದೆ.

ಅದೇ ವರ್ಷ ದೊಡ್ಡ ರಂಪವಾಯಿತು. ಯುರೋಪ್ ಪ್ರವಾಸ ಹೊರಡುವ ಹೊತ್ತಿಗೆ, ಸರಿಯಾದ ತಯಾರಿ ನಡೆದಿಲ್ಲ ಎಂದು ಚಕ್ ಹಿಂದೆ ಸರಿದರು. ಬಟ್ಲರ್ ಮತ್ತು ಆಂಡ್ರ್ಯೂಸ್ ಬದಲಿ ಜನರನ್ನು ಕಟ್ಟಿಕೊಂಡು ‘ಡೆತ್’ ಹೆಸರಿನಲ್ಲೇ ಹೋಗಿ ಕಛೇರಿ ನೀಡಿದರು. ತಂಡ ಕಟ್ಟಿದವನೇ ಇಲ್ಲದ ತಂಡ! ಮರಳಿದ ಮೇಲೆ ಇಬ್ಬರಿಗೂ ತಂಡದಲ್ಲಿ ಜಾಗವಿರಲಿಲ್ಲ. ಈ ಜಗಳದಲ್ಲಿ ತಪ್ಪು ಯಾರದು ಎಂಬ ಬಗ್ಗೆ ಇಂದಿಗೂ ಎರಡು ಪಕ್ಷಗಳಿವೆ. ಕೊನೆ ಗಳಿಗೆಯಲ್ಲಿ ಕೈಕೊಡುವವರು, ಜೊತೆಗಾರರೊಂದಿಗೆ ಹೊಂದಿಕೊಳ್ಳದವರು ಎಂಬ ಹೆಸರು ಚಕ್ ಅವರಿಗೆ ಅಂಟಿಕೊಂಡಿತು. ಅದು ಪೂರ್ತಿ ಸುಳ್ಳೂ ಅಲ್ಲ. ‘ಡೆತ್’ ಹೆಸರಿನಲ್ಲಿ ಬಂದ ಏಳು ಆಲ್ಬಂಗಳಲ್ಲಿ ಯಾವ ಎರಡರಲ್ಲೂ ಒಂದೇ ತಂಡವಿಲ್ಲ.

‘ಹ್ಯೂಮನ್’: ಹಳೆಯದನ್ನು ಮುರಿದ 34 ನಿಮಿಷ

ಆ ಕಹಿಯಿಂದ ಹುಟ್ಟಿದ್ದು 1991ರ ‘ಹ್ಯೂಮನ್’. ಇನ್ನು ಮುಂದೆ ಕಾಯಂ ತಂಡದ ಗೊಡವೆಯೇ ಬೇಡ, ಆಯಾ ಆಲ್ಬಂಗೆ ತಕ್ಕ ಕಲಾವಿದರನ್ನು ಕರೆದುಕೊಂಡರಾಯಿತು ಎಂದು ಚಕ್ ನಿರ್ಧರಿಸಿದರು. ಫ್ಲಾರಿಡಾದ ‘ಸಿನಿಕ್’ ತಂಡದಿಂದ ಗಿಟಾರ್ ವಾದಕ ಪಾಲ್ ಮಾಸ್ವಿಡಾಲ್ ಮತ್ತು ಡ್ರಮ್ಮರ್ ಶಾನ್ ರೈನರ್ಟ್ ಬಂದರು. ಕ್ಯಾಲಿಫೋರ್ನಿಯಾದ ‘ಸೇಡಸ್’ ತಂಡದಿಂದ ಬೇಸ್ ವಾದಕ ಸ್ಟೀವ್ ಡಿಜಾರ್ಜಿಯೊ ಬಂದರು. ಸಿನಿಕ್‌ನ ಇಬ್ಬರಿಗೂ ಜಾಜ್ ಸಂಗೀತದ ಒಲವಿತ್ತು. ಬರೀ ವೇಗವಾಗಿ ಬಾರಿಸುವುದು ಅವರಿಗೆ ಸಾಲದು. ಲೆಕ್ಕ ತಪ್ಪದೆ ತಾಳವನ್ನು ಒಡೆದು ಕೂಡಿಸಬಲ್ಲವರು.

ಎಂಟು ಹಾಡು, ಸುಮಾರು 34 ನಿಮಿಷ. ಇಷ್ಟರಲ್ಲೇ ಡೆತ್ ಮೆಟಲ್‌ನ ಹಣೆಬರಹ ಬದಲಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ. ತಾಳ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಅರ್ಧ ಮಾತ್ರೆ ಮುಂದೆ ಸಾಗಿರುತ್ತದೆ. ಎರಡು ಗಿಟಾರುಗಳು ಒಂದನ್ನೊಂದು ಕೆಣಕುತ್ತ, ಕೊನೆಗೆ ಒಂದೇ ಜಾಗದಲ್ಲಿ ಬಂದು ನಿಲ್ಲುತ್ತವೆ. ‘ಕಾಸ್ಮಿಕ್ ಸೀ’ ಎಂಬ ಒಂದು ರಚನೆಯಲ್ಲಂತೂ ಮಾತೇ ಇಲ್ಲ, ವಾದ್ಯಗಳಷ್ಟೆ. ಹಾಡುಗಳ ವಸ್ತುವಾಗಿ ನಂಬಿಕೆದ್ರೋಹ, ಮುಖವಾಡ, ಕುರುಡುತನ, ಬೆಸೆದು ಹುಟ್ಟಿದ ಅವಳಿಗಳ ಬಾಳು ಬಂದವು. ರಕ್ತ, ಹೆಣ ಎಲ್ಲೂ ಇಲ್ಲ. ‘ಲ್ಯಾಕ್ ಆಫ್ ಕಾಂಪ್ರಹೆನ್ಷನ್’ ಹಾಡಿನ ವಿಡಿಯೊ ಎಂಟಿವಿಯಲ್ಲೂ ಪ್ರಸಾರವಾಯಿತು. ಅಂಚೆಯಲ್ಲಿ ಓಡಾಡುತ್ತಿದ್ದ ಕ್ಯಾಸೆಟ್ಟಿನ ಸಂಗೀತಕ್ಕೆ ಅದು ಸಣ್ಣ ಸಂಗತಿಯಲ್ಲ.

ದೋಷ ಇಲ್ಲವೆಂದಲ್ಲ. ಡಿಜಾರ್ಜಿಯೊ ಅವರ ಬೇಸ್ ಮೂಲ ಮುದ್ರಣದಲ್ಲಿ ಕೇಳಿಸುವುದೇ ಕಷ್ಟ. 2011ರಲ್ಲಿ ಹೊಸದಾಗಿ ಧ್ವನಿ ಹೊಂದಿಸಿ ಮರುಪ್ರಕಟಿಸಿದಾಗಲೇ ಆ ಕೈಚಳಕ ಜನರಿಗೆ ಸರಿಯಾಗಿ ತಿಳಿದದ್ದು. ಹಳೆಯ ಅಭಿಮಾನಿಗಳಲ್ಲಿ ಕೆಲವರು ಇದು ತಮ್ಮ ‘ಡೆತ್’ ಅಲ್ಲವೆಂದು ದೂರ ಸರಿದರು. ಚಕ್ ಅವರನ್ನು ಓಲೈಸಲು ಹೋಗಲಿಲ್ಲ.

ಪ್ರೌಢಿಮೆಯ ವರ್ಷಗಳು

1993ರ ‘ಇಂಡಿವಿಜುವಲ್ ಥಾಟ್ ಪ್ಯಾಟರ್ನ್ಸ್’ ಆಲ್ಬಂಗೆ ‘ಡಾರ್ಕ್ ಏಂಜಲ್’ ತಂಡದಲ್ಲಿ ಹೆಸರು ಮಾಡಿದ್ದ ಡ್ರಮ್ಮರ್ ಜೀನ್ ಹೋಗ್ಲನ್, ಸ್ವೀಡನ್ನಿನ ಗಿಟಾರ್ ವಾದಕ ಆಂಡಿ ಲಾರಾಕ್ ಬಂದರು. ಈ ಬಾರಿ ಡಿಜಾರ್ಜಿಯೊ ಅವರ ಬೇಸ್ ಮುಚ್ಚುಮರೆಯಿಲ್ಲದೆ ಕೇಳಿಸಿತು. ಮೆಟ್ಟಿಲಿಲ್ಲದ ಬೇಸ್ ಗಿಟಾರಿನಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಅವರ ಶೈಲಿ ಹಾಡುಗಳಿಗೆ ಬೇರೆಯೇ ಬಣ್ಣ ಕೊಟ್ಟಿತು. ನಾಲ್ವರು ಪಳಗಿದವರು ಒಂದೇ ಕೋಣೆಯಲ್ಲಿ ಸೇರಿದಾಗ ಆಗುವ ಸಂಭ್ರಮವೂ ಇಲ್ಲಿದೆ, ದಟ್ಟಣೆಯೂ ಇದೆ. ಕಿವಿಗೆ ಉಸಿರಾಡಲು ಜಾಗ ಕಡಿಮೆ.

ಆ ಜಾಗ ಸಿಕ್ಕಿದ್ದು 1995ರ ‘ಸಿಂಬಾಲಿಕ್’ನಲ್ಲಿ. ಹೋಗ್ಲನ್ ಉಳಿದರು. ಬಾಬಿ ಕೆಲ್ಬಲ್, ಕೆಲ್ಲಿ ಕಾನ್ಲನ್ ಎಂಬ ಹೆಚ್ಚು ಹೆಸರಿಲ್ಲದ ಇಬ್ಬರು ಹೊಸದಾಗಿ ಬಂದರು. ಮೊರಿಸೌಂಡ್‌ನ ಜಿಮ್ ಮೊರಿಸ್ ಮುದ್ರಣದ ಹೊಣೆ ಹೊತ್ತರು. ಇಲ್ಲಿ ಚಕ್ ತಮ್ಮ ಕೈಚಳಕ ತೋರಿಸುವ ಆತುರ ಬಿಟ್ಟು, ಹಾಡು ಕಟ್ಟುವುದರ ಕಡೆ ಗಮನ ಕೊಟ್ಟಿದ್ದಾರೆ. ನಿಧಾನ, ವೇಗ, ಮೌನ ಮೂರಕ್ಕೂ ಅವರವರ ಸ್ಥಾನವಿದೆ. ಕಳೆದುಹೋದ ಬಾಲ್ಯದ ಮುಗ್ಧತೆ, ಧರ್ಮದ ಹೆಸರಿನ ಬೂಟಾಟಿಕೆ, ಎಲ್ಲೆಲ್ಲೂ ನಮ್ಮ ಮೇಲೆ ನೆಟ್ಟಿರುವ ಕಣ್ಗಾವಲು, ಇವು ಹಾಡುಗಳ ವಸ್ತು. ‘ಹ್ಯೂಮನ್’ ದೊಡ್ಡದೋ ‘ಸಿಂಬಾಲಿಕ್’ ದೊಡ್ಡದೋ ಎಂಬ ಜಗಳ ಅಭಿಮಾನಿಗಳಲ್ಲಿ ಮುಗಿದದ್ದೇ ಇಲ್ಲ. ಧೈರ್ಯಕ್ಕೆ ಅಂಕ ಕೊಡುವವರಿಗೆ ‘ಹ್ಯೂಮನ್’, ಪಕ್ವತೆಗೆ ಕೊಡುವವರಿಗೆ ‘ಸಿಂಬಾಲಿಕ್’. ಈ ಸಂಗೀತದ ಪರಿಚಯವೇ ಇಲ್ಲದವರು ಶುರುಮಾಡಬೇಕಾದ ಆಲ್ಬಂ ಮಾತ್ರ ಖಂಡಿತ ಎರಡನೆಯದು.

ಹೆಸರು ಕೇಳಿ ಈತ ರಾಕ್ಷಸ ಸ್ವಭಾವದವನಿರಬೇಕು ಎಂದುಕೊಂಡವರಿಗೆ ನಿಜವಾದ ಚಕ್ ಆಶ್ಚರ್ಯ ಹುಟ್ಟಿಸುತ್ತಿದ್ದರು. ಪ್ರಾಣಿಗಳೆಂದರೆ ಪ್ರಾಣ. ಗಿಡ ನೆಡುವುದು, ಬಗೆಬಗೆಯ ಅಡುಗೆ ಮಾಡುವುದು ಇಷ್ಟ. ಬೆಕ್ಕಿನ ಮರಿಗಳ ಚಿತ್ರವಿರುವ ಟೀ ಶರ್ಟ್ ತೊಟ್ಟ ಅವರ ಫೋಟೊ ಅಭಿಮಾನಿಗಳ ನಡುವೆ ಬಹಳ ಪ್ರಸಿದ್ಧ. ಕೊಕೇನಿನಂಥ ಮಾದಕವಸ್ತುಗಳನ್ನು ಬಹಿರಂಗವಾಗಿ ವಿರೋಧಿಸುತ್ತಿದ್ದರು. ಸೈತಾನನ ಹೆಸರಿನಲ್ಲಿ ಮಾರಾಟ ಹೆಚ್ಚಿಸಿಕೊಳ್ಳುವ ಚಟವೂ ಇರಲಿಲ್ಲ. ತಂಡದ ಲಾಂಛನದಲ್ಲಿ ತಲೆಕೆಳಗಾದ ಶಿಲುಬೆಯಂತೆ ಬರೆಯಲಾಗಿದ್ದ ಒಂದು ಅಕ್ಷರವನ್ನು ಮುಂದೆ ಅವರು ಸಾಮಾನ್ಯ ಅಕ್ಷರವಾಗಿ ಬದಲಿಸಿದರು. ಯಾರ ಧರ್ಮದ ತಂಟೆಯೂ ಲಾಂಛನದಲ್ಲಿ ಬೇಡ ಎಂಬುದು ಇದಕ್ಕೊಂದು ಕಾರಣ. ಪ್ರಕಾರದ ಜನಕ ಎಂದವರಿಗೆ ತಾನು ಅದರಲ್ಲಿ ಒಬ್ಬ ಮಾತ್ರ ಎಂದು ತಿದ್ದುತ್ತಿದ್ದರು.

ಕೊನೆಯ ಎರಡು ಆಲ್ಬಂಗಳು

ಗುಡುಗುವ ದನಿಯಿಂದ ಚಕ್ ಅವರಿಗೇ ಬೇಸರ ಬಂದಿತ್ತು. ರಾಗವಾಗಿ ಹಾಡಬಲ್ಲ ಗಾಯಕನೊಬ್ಬನಿರುವ ‘ಕಂಟ್ರೋಲ್ ಡಿನೈಡ್’ ಎಂಬ ಹೊಸ ತಂಡದ ಕನಸು ಕಂಡರು. ಅದಕ್ಕೆ ಮೊದಲು ಜರ್ಮನಿಯ ನ್ಯೂಕ್ಲಿಯರ್ ಬ್ಲಾಸ್ಟ್ ಕಂಪನಿಗಾಗಿ ಇನ್ನೊಂದು ‘ಡೆತ್’ ಆಲ್ಬಂ ಮಾಡಬೇಕಾಯಿತು. ಅದೇ 1998ರ ‘ದ ಸೌಂಡ್ ಆಫ್ ಪರ್ಸೆವರೆನ್ಸ್’. ಶ್ಯಾನನ್ ಹ್ಯಾಮ್, ಸ್ಕಾಟ್ ಕ್ಲೆಂಡೆನಿನ್, ರಿಚರ್ಡ್ ಕ್ರಿಸ್ಟಿ, ಎಲ್ಲರೂ ಹೊಸಬರು. ಚಕ್ ಅವರ ದನಿ ಇಲ್ಲಿ ಗುಡುಗು ಬಿಟ್ಟು ಕಿರುಚಿಗೆ ಏರಿದೆ. ಅದು ಕೆಲವರಿಗೆ ಹಿಡಿಸುವುದಿಲ್ಲ. ಒಂದೊಂದು ಹಾಡಿನೊಳಗೆ ಮೂರು ಹಾಡಿಗಾಗುವಷ್ಟು ಸರಕು ತುಂಬಿರುವುದರಿಂದ ಅಲ್ಲಲ್ಲಿ ಹೊಲಿಗೆ ಕಾಣಿಸುತ್ತದೆ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಕೊನೆಯಲ್ಲಿ ಬ್ರಿಟನ್ನಿನ ಜೂಡಸ್ ಪ್ರೀಸ್ಟ್ ತಂಡದ ‘ಪೇನ್‌ಕಿಲ್ಲರ್’ ಹಾಡನ್ನು ಹಾಡಿ, ಬಾಲ್ಯದಲ್ಲಿ ಕೇಳಿದ ಹೆವಿ ಮೆಟಲ್‌ಗೆ ಋಣ ತೀರಿಸಿದ್ದಾರೆ.

1999ರ ಕೊನೆಯಲ್ಲಿ ಕಂಟ್ರೋಲ್ ಡಿನೈಡ್‌ನ ‘ದ ಫ್ರಜೈಲ್ ಆರ್ಟ್ ಆಫ್ ಎಕ್ಸಿಸ್ಟೆನ್ಸ್’ ಹೊರಬಂತು. ಬದುಕಿರುವುದೆಂಬ ನಾಜೂಕು ಕಲೆ ಎಂದು ಅದರ ಅರ್ಥ. ಗಾಯಕ ಟಿಮ್ ಏಮಾರ್ ಅವರ ತುಂಬುಕಂಠ, ಮರಳಿ ಬಂದ ಡಿಜಾರ್ಜಿಯೊ ಅವರ ಬೇಸ್. ಚಕ್ ಅವರದು ಗಿಟಾರ್ ಮಾತ್ರ. ಆದರೆ ಆ ಆಲ್ಬಂ ಅಂಗಡಿಗೆ ಬರುವ ಹೊತ್ತಿಗೆ ಅದರ ಹೆಸರೇ ಅವರ ಬಾಳಿನ ಸ್ಥಿತಿಯಾಗಿತ್ತು.

ಹುಟ್ಟುಹಬ್ಬದ ದಿನ ಬಂದ ಸುದ್ದಿ

1999ರ ಆರಂಭದಲ್ಲಿ ಕತ್ತಿನ ಮೇಲ್ಭಾಗದಲ್ಲಿ ನೋವು ಕಾಣಿಸಿಕೊಂಡಿತು. ನರ ಹಿಡಿದುಕೊಂಡಿರಬೇಕೆಂದು ಮೂಳೆ ನೀವುವವರ ಬಳಿ, ಸೂಜಿ ಚಿಕಿತ್ಸೆಯವರ ಬಳಿ ಹೋದರು. ಕಡಿಮೆಯಾಗಲಿಲ್ಲ. ಸ್ಕ್ಯಾನಿಂಗ್ ಮಾಡಿಸಿದಾಗ ನರವನ್ನು ಒತ್ತುತ್ತಿದ್ದದ್ದು ಮಿದುಳಿನ ಕಾಂಡದಲ್ಲಿ ಬೆಳೆದ ಗಡ್ಡೆ ಎಂದು ತಿಳಿಯಿತು. ಕ್ಯಾನ್ಸರ್ ಎಂದು ಖಚಿತವಾದ ದಿನ ಮೇ 13. ಅಂದು ಚಕ್ ಅವರಿಗೆ ಮೂವತ್ತೆರಡು ವರ್ಷ ತುಂಬಿತ್ತು.

ವಿಕಿರಣ ಚಿಕಿತ್ಸೆ ನಡೆಯಿತು. 2000ದ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಶಸ್ತ್ರಚಿಕಿತ್ಸೆಯೂ ಆಯಿತು. ಅದರ ಖರ್ಚೇ 70 ಸಾವಿರ ಡಾಲರ್ ಮೀರಿತ್ತು. ಲಕ್ಷಾಂತರ ಜನ ಹೆಸರು ಬಲ್ಲ ಕಲಾವಿದ, ಏಳೆಂಟು ಆಲ್ಬಂ ಮಾಡಿದವನು, ಆದರೂ ಮನೆಯವರ ಕೈಯಲ್ಲಿ ಅಷ್ಟು ಹಣವಿರಲಿಲ್ಲ. ಭೂಗತ ಸಂಗೀತ ಹೆಸರು ಕೊಡುತ್ತದೆ, ದುಡ್ಡು ಕೊಡುವುದಿಲ್ಲ. ಹನಿಗೂಡಿದರೆ ಹಳ್ಳ ಎಂಬಂತೆ ಅಭಿಮಾನಿಗಳು ಸಣ್ಣ ಸಣ್ಣ ಮೊತ್ತ ಕಳಿಸಿದರು, ಸಹಾಯಾರ್ಥ ಕಛೇರಿಗಳು ನಡೆದವು.

ಸ್ವಲ್ಪ ಚೇತರಿಸಿಕೊಂಡ ಚಕ್ ಮತ್ತೆ ಗಿಟಾರ್ ಹಿಡಿದು ಕಂಟ್ರೋಲ್ ಡಿನೈಡ್‌ನ ಎರಡನೆಯ ಆಲ್ಬಂನ ಕೆಲಸಕ್ಕೆ ಕುಳಿತರು. ಆದರೆ 2001ರ ಮೇ ತಿಂಗಳಲ್ಲಿ ಕ್ಯಾನ್ಸರ್ ಮರುಕಳಿಸಿತು. ಮೊದಲ ಶಸ್ತ್ರಚಿಕಿತ್ಸೆಯ ಬಳಿಕ ಅವರು ಆರೋಗ್ಯ ವಿಮೆ ಮಾಡಿಸಿದ್ದರು. ವಿಮೆಗೆ ಮೊದಲೇ ಇದ್ದ ಗಡ್ಡೆಯಾದ್ದರಿಂದ ಹಣ ಕೊಡಲಾಗದು ಎಂದು ವಿಮಾ ಕಂಪನಿ ಕೈಚೆಲ್ಲಿತು. ತಾಯಿ ಜೇನ್ ಮಗನ ಸ್ಥಿತಿಯನ್ನು ಅಭಿಮಾನಿಗಳಿಗೆ ತಿಳಿಸುತ್ತಲೇ, ನೀವೆಲ್ಲ ಆರೋಗ್ಯವಾಗಿರುವಾಗಲೇ ವಿಮೆ ಮಾಡಿಸಿಕೊಳ್ಳಿ ಎಂದು ಬೇಡಿಕೊಂಡರು. ಆ ವರ್ಷದ ಬೇಸಿಗೆಯಲ್ಲಿ ಕಾರ್ನ್, ರೆಡ್ ಹಾಟ್ ಚಿಲ್ಲಿ ಪೆಪರ್ಸ್ ತಂಡಗಳು, ಕಿಡ್ ರಾಕ್ ಮುಂತಾದ ಹಣವಂತ ಕಲಾವಿದರು ತಮ್ಮ ವಸ್ತುಗಳನ್ನು ಹರಾಜಿಗಿಟ್ಟು ನೆರವಾದರು. ಮೊದಲೇ ಇದ್ದ ಕಾಯಿಲೆಯ ನೆಪದಲ್ಲಿ ವಿಮೆ ನಿರಾಕರಿಸುವುದನ್ನು ಅಮೆರಿಕದಲ್ಲಿ ಕಾನೂನು ತಡೆದದ್ದು 2014ರಿಂದ. ಚಕ್ ಅವರ ಪಾಲಿಗೆ ಅದು ಬಹಳ ತಡವಾಗಿತ್ತು.

ಔಷಧಗಳು ದೇಹವನ್ನು ಹಣ್ಣು ಮಾಡಿದ್ದವು. ವರ್ಷದ ಕೊನೆಯಲ್ಲಿ ನ್ಯುಮೋನಿಯಾ ತಗುಲಿತು. 2001ರ ಡಿಸೆಂಬರ್ 13ರಂದು ಚಕ್ ಶುಲ್ಡಿನರ್ ಕೊನೆಯುಸಿರೆಳೆದರು. ಹೆತ್ತವರು ಎರಡನೆಯ ಮಗನನ್ನೂ ಕಳೆದುಕೊಂಡರು. ಅರ್ಧಕ್ಕೆ ನಿಂತ ಆಲ್ಬಂ ಅವರ ಕಾಲದಲ್ಲಿ ಮುಗಿಯಲೇ ಇಲ್ಲ.

ಉಳಿದದ್ದು

2012ರಲ್ಲಿ ಹಳೆಯ ಜೊತೆಗಾರರು ‘ಡೆತ್ ಟು ಆಲ್’ ಎಂಬ ಹೆಸರಿನಲ್ಲಿ ಒಂದಾಗಿ ಚಕ್ ಅವರ ಹಾಡುಗಳನ್ನು ನುಡಿಸಿದರು. ಆ ಕಛೇರಿಗಳ ಉದ್ದೇಶ ಕಷ್ಟದಲ್ಲಿರುವ ಸಂಗೀತಗಾರರ ಚಿಕಿತ್ಸೆಗೆ ನೆರವಾಗುವ ಸ್ವೀಟ್ ರಿಲೀಫ್ ನಿಧಿಗೆ ಹಣ ಕೂಡಿಸುವುದಾಗಿತ್ತು. ಒಂದು ಕಾಲಕ್ಕೆ ಜೊತೆಗಿರಲು ಕಷ್ಟವಾದವನ ಹಾಡುಗಳಿಗಾಗಿ, ಅವನಿಗೆ ಸಿಗದ ನೆರವು ಇನ್ನೊಬ್ಬರಿಗೆ ಸಿಗಲೆಂದು ಅವರೆಲ್ಲ ಸೇರಿದ್ದರು. ಏಳೂ ಆಲ್ಬಂಗಳು ಮರುಪ್ರಕಟವಾದವು. ಅವರು ತೀರಿಕೊಂಡಾಗ ಹುಟ್ಟಿಯೇ ಇರದ ಹುಡುಗರು ಇಂದು ಆ ಗಿಟಾರಿನ ತುಣುಕುಗಳನ್ನು ಕಲಿಯುತ್ತಿದ್ದಾರೆ.

ಇಷ್ಟೆಲ್ಲ ಓದಿದ ಮೇಲೂ ಆ ಗುಡುಗು ದನಿಯನ್ನು ಕೇಳಲು ಹಿಂಜರಿಯುವವರಿಗೆ ಒಂದು ದಾರಿಯಿದೆ. ‘ದ ಸೌಂಡ್ ಆಫ್ ಪರ್ಸೆವರೆನ್ಸ್’ ಆಲ್ಬಂನಲ್ಲಿ ‘ವಾಯ್ಸ್ ಆಫ್ ದ ಸೋಲ್’ ಎಂಬ ಪುಟ್ಟ ರಚನೆಯಿದೆ. ನಾಲ್ಕು ನಿಮಿಷವೂ ಇಲ್ಲ. ಅದರಲ್ಲಿ ಹಾಡುವವರಿಲ್ಲ, ಕಿರುಚುವವರಿಲ್ಲ, ಡ್ರಮ್ಸ್ ಕೂಡ ಇಲ್ಲ. ಕೆಳಗೆ ಸಾದಾ ಗಿಟಾರ್ ಒಂದೇ ಸಮನೆ ಹರಿಯುತ್ತಿರುತ್ತದೆ, ಅದರ ಮೇಲೆ ಎಲೆಕ್ಟ್ರಿಕ್ ಗಿಟಾರ್ ಅಳುವಂತೆ ಏಳುತ್ತದೆ. ಅಣ್ಣನನ್ನು ಕಳೆದುಕೊಂಡ ಒಂಬತ್ತರ ಹುಡುಗನಿಗೆ ಹೆತ್ತವರು ಮೊದಲು ಕೊಟ್ಟದ್ದು ಸಾದಾ ಗಿಟಾರ್, ಆಮೇಲೆ ತಂದದ್ದು ಎಲೆಕ್ಟ್ರಿಕ್ ಗಿಟಾರ್.